ಮಂಜೇಶ್ವರಕ್ಕೆ ಗಾಳ ಹಾಕಲು ಹೊರಟಿದ್ದೀರಾ? ಮೊದಲು ಸಿಗಡಿ ಸಾಯದ ಹಾಗೆ ನೋಡಿಕೊಳ್ಳಿ

ಮೊದಲ ಸಲ ಹೋದಾಗ ನಮ್ಮ ಬಕೆಟ್ಟಿನಲ್ಲಿ ಗಾಳಕ್ಕೆ ಸಿಕ್ಕಿಸಲು 40 ಜೀವಂತ ಸಿಗಡಿ ಇದ್ದವು. ಗಾಳ ನೀರಿಗೆ ಬೀಳುವ ಹೊತ್ತಿಗೆ ಬದುಕಿದ್ದದ್ದು ಆರು. ತಪ್ಪು ನನ್ನದೇ. ಬಿಸಿಲಿಗೆ ಬಕೆಟ್ ಬಿಸಿಯಾಗಿದೆ ಅಂತ ದಾರಿಯಲ್ಲಿ ಯಾರದೋ ಮನೆ ಬಾವಿಯಿಂದ ಎರಡು ಚೆಂಬು ತಣ್ಣೀರು ಸುರಿದಿದ್ದೆ. ಉಪ್ಪುನೀರಿನ ಜೀವಕ್ಕೆ ಬಾವಿ ನೀರು! ಭಾವ ಬಗ್ಗಿ ನೋಡಿ, "ಸಿಗಡಿಗೆ ಜ್ವರ ಬಂದಿತ್ತಾ ಮಾರಾಯ, ತಣ್ಣೀರು ಪಟ್ಟಿ ಹಾಕಿದ್ದು?" ಅಂದರು.

ಆಮೇಲೆ ಎರಡು ಸಲ ಹೋಗಿ ಬಂದೆವು. ಕಳೆದ ನವೆಂಬರಿನಲ್ಲಿ ಹೋದದ್ದು ಮಾತ್ರ ಹೇಳಿಕೊಳ್ಳುವ ಹಾಗಿತ್ತು, ಅದನ್ನೇ ಬರೆಯುತ್ತಿದ್ದೇನೆ.

ಹೋಗುವುದು ಸುಲಭ. ಮಂಗಳೂರು-ಕಾಸರಗೋಡು ಬಸ್ಸು ಹತ್ತಿ ಹೊಸಂಗಡಿಯಲ್ಲಿ ಇಳಿಯಿರಿ. ರೈಲಾದರೆ ಪ್ಯಾಸೆಂಜರ್ ಗಾಡಿಯೇ ಬೇಕು, ಎಕ್ಸ್‌ಪ್ರೆಸ್‌ಗಳು ಹೆಚ್ಚಿನವು ಮಂಜೇಶ್ವರದಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಮೀನುಗಾರಿಕೆ ಬಂದರಿಗೆ ಆಟೋ. ಕನ್ನಡ, ತುಳು, ಮಲಯಾಳ, ಯಾವುದರಲ್ಲಿ ಕೇಳಿದರೂ ದಾರಿ ಸಿಗುತ್ತದೆ. ನಮ್ಮ ಆಟೋ ಓಡಿಸಿದ ಅಣ್ಣ ಮೂರನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದರು.

ಭಾನುವಾರ ರಜೆ ಇದೆ ಅಂತ ಹೊರಡಬೇಡಿ, ಉಬ್ಬರ ನೋಡಿ ಹೊರಡಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಹೋದ ವಾರ ಮೀನು ಸಿಕ್ಕಿದ ಸಮಯ ಈ ವಾರಕ್ಕೆ ಉಪಯೋಗವಿಲ್ಲ. ನಮಗೆ ಚೆನ್ನಾಗಿ ಬಂದದ್ದು ನೀರು ಏರುವ ಕೊನೆಯ ಎರಡು ಗಂಟೆ, ಮತ್ತೆ ಇಳಿಯಲು ಶುರುವಾದ ಮೊದಲ ಅರ್ಧ ಗಂಟೆ. ಅವತ್ತು ಉಬ್ಬರ ತುಂಬುವ ಹೊತ್ತೂ ಸಂಜೆ ಕತ್ತಲಾಗುವ ಹೊತ್ತೂ ಒಂದೇ ಆಗಿತ್ತು, ಅಂಥ ದಿನ ಸಿಕ್ಕರೆ ಬಿಡಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜಾಸ್ತಿ, ಗಾಳ ಮುಳುಗಲು ಕಟ್ಟುವ ಸೀಸ ನಿಲ್ಲುವುದೇ ಇಲ್ಲ, ಉರುಳಿಕೊಂಡು ಹೋಗಿ ಕಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಸಿಗಡಿ. ಮಾರ್ಕೆಟ್ಟಿನದ್ದು ಬೇಡ. ಬೆಳಿಗ್ಗೆ ಹೊಳೆಯಲ್ಲಿ ಬೀಸುಬಲೆ ಹಾಕುವವರ ಹತ್ತಿರ ಮುಂಚಿನ ದಿನವೇ ಹೇಳಿಡಿ, ಬೆರಳುದ್ದದ್ದು ಸಾಕು. ಬಕೆಟ್ಟಿಗೆ ತುಂಬುವ ನೀರು ಸಿಗಡಿ ಹಿಡಿದ ಜಾಗದ್ದೇ ಇರಲಿ. 15 ಲೀಟರ್ ಬಕೆಟ್ಟಿಗೆ ನಾನು ಈಗ 20ರ ಮೇಲೆ ಹಾಕುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸೆಲ್ಲು ಹಾಕುವ ಗಾಳಿ ಪಂಪು ಒಂದು ಬೇಕೇ ಬೇಕು, ಬಕೆಟ್ಟಿನ ಸುತ್ತ ಒದ್ದೆ ಗೋಣಿ. ನೀರು ತಣ್ಣಗಿರಬೇಕು ಅಂದರೆ ಐಸನ್ನು ಬಾಟಲಿಯೊಳಗೇ ಮುಚ್ಚಳ ಹಾಕಿ ಇಳಿಸಿ, ಕರಗಿದ ಸಿಹಿನೀರು ಸೇರಬಾರದು. ಸತ್ತದ್ದು ಕಂಡರೆ ಕೂಡಲೇ ತೆಗೆಯಿರಿ, ಒಂದು ಕೊಳೆತರೆ ಉಳಿದವೂ ಹೋಗುತ್ತವೆ.

ಗಾಳಕ್ಕೆ ಸಿಕ್ಕಿಸುವಾಗ ಅವಸರ ಮಾಡಬೇಡಿ. ಸಿಗಡಿಯನ್ನು ಬೆಳಕಿಗೆ ಹಿಡಿದರೆ ತಲೆಯೊಳಗೆ ಒಂದು ಕಪ್ಪು ಚುಕ್ಕೆ ಗಾಜಿನೊಳಗಿನ ಹಾಗೆ ಕಾಣುತ್ತದೆ. ಅದಕ್ಕೆ ತಾಗಿದರೆ ಅಲ್ಲೇ ಸತ್ತಿತು. ಚುಕ್ಕೆಗಿಂತ ಸ್ವಲ್ಪ ಮುಂದೆ, ಗರಗಸದಂಥ ಮುಳ್ಳಿನ ಬುಡದಲ್ಲಿ ಅಡ್ಡಕ್ಕೆ ತೂರಿಸಬೇಕು. ಆಗ ಅದು ಕಾಲು ಆಡಿಸುತ್ತಾ ಗಂಟೆಗಟ್ಟಲೆ ಈಜುತ್ತಿರುತ್ತದೆ. ದೂರ ಬೀಸಿ ಎಸೆಯುವುದಾದರೆ ಬಾಲದ ಕೊನೆಯ ಗೆಣ್ಣು ಗಟ್ಟಿ. ಸಿಗಡಿ ಸಿಗದ ದಿನ ಮಾಲ ಮೀನಿನ ಮರಿ ಆಗುತ್ತದೆ, ಮಲಯಾಳದಲ್ಲಿ ತಿರುತ ಅನ್ನುವುದು ಇದಕ್ಕೇ. ಅದನ್ನು ಎರಡೂ ತುಟಿ ಸೇರಿಸಿ ಚುಚ್ಚಿ, ಸೆಳೆತದಲ್ಲಿ ನೇರ ನಿಲ್ಲುತ್ತದೆ.

ನನ್ನದು ಒಂಬತ್ತು ಅಡಿ ರಾಡ್, 4000 ಸೈಜಿನ ರೀಲ್, ಎಲ್ಲ ಸೇರಿ 3,500 ರೂಪಾಯಿ ಆಯಿತು. ಸೀಸ ತಂಗೂಸಿನ (ಗಾಳದ ನೈಲಾನ್ ನೂಲು) ಮೇಲೆ ಜಾರುವ ಹಾಗಿರಲಿ, ಮೀನು ಎಳೆದಾಗ ಅದಕ್ಕೆ ಭಾರ ಗೊತ್ತಾಗಬಾರದು. ತುದಿಯ ಎರಡು ಮೂರು ಅಡಿ ಮಾತ್ರ ದಪ್ಪ ತಂಗೂಸು, ಯಾಕೆಂದರೆ ಕಾಳಾಂಜಿ ಮೀನಿನ (ಸೀ ಬಾಸ್) ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ. ಭಾವ ಜುಗ್ಗತನ ಮಾಡಿ ಸಪೂರದ್ದು ಕಟ್ಟಿದ್ದರು. ನೀರಿನ ಮೇಲೆ ಒಂದೇ ಒಂದು ಸಲ ಬೆಳ್ಳಿ ಹೊಳೆದು, ಬಾಯಿ ತೆರೆದು ತಲೆ ಕೊಡವಿತು, ಕೈಯಲ್ಲಿ ಖಾಲಿ ನೂಲು.

ಕಚ್ಚುವ ಮೊದಲು ಸೂಚನೆ ಸಿಗುತ್ತದೆ. ದೊಡ್ಡ ಮೀನು ಹತ್ತಿರ ಬಂದರೆ ಸಿಗಡಿ ಹೆದರಿ ಹಾರುತ್ತದೆ, ರಾಡಿನ ತುದಿ ಸುಮ್ನೆ ನಡುಗುತ್ತದೆ. ಆಗ ಎಳೆಯಬಾರದು. ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ಗಾಳ) ಕಟ್ಟಿದ್ದರಂತೂ ಜಗ್ಗಲೇಬಾರದು, ತುದಿ ಬಾಗಿ ನಿಂತ ಮೇಲೆ ರೀಲ್ ತಿರುಗಿಸುತ್ತಾ ಹೋದರೆ ಅದು ತಾನಾಗಿ ಬಾಯಿಯ ಮೂಲೆಗೆ ಕೂರುತ್ತದೆ. ಆದರೆ ಕೆಂಬೇರಿ ಮೀನು (ರೆಡ್ ಸ್ನ್ಯಾಪರ್) ಸಿಕ್ಕಿದರೆ ತಡ ಮಾಡುವ ಹಾಗಿಲ್ಲ, ಸೀದಾ ಕಲ್ಲಿನ ಸಂದಿಗೆ ನುಗ್ಗುತ್ತದೆ. ನನಗೆ ಸಿಕ್ಕಿದ್ದು ಒಂದು ಕೆಂಬೇರಿ, ಕಿಲೋಗೆ ಸ್ವಲ್ಪ ಕಡಿಮೆ. ಮೂರು ಗಂಟೆ ಕೂತದ್ದಕ್ಕೆ ಅಷ್ಟೇ. ಅಂಗೈಯುದ್ದದ ಕಾಳಾಂಜಿ ಮರಿಯೊಂದು ಬಂದಿತ್ತು, ವಾಪಸ್ ಬಿಟ್ಟೆವು.

ಭಾವನಿಗೆ ಬಂದದ್ದು ತೇಡೆ, ಅಂದರೆ ಮೀಸೆ ಇರುವ ಕ್ಯಾಟ್‌ಫಿಶ್. ಗಾಳ ಬಿಡಿಸುವಾಗ ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು. ಐದು ನಿಮಿಷಕ್ಕೆ ಮೊಣಕೈವರೆಗೆ ನೋವು, ಮನುಷ್ಯ ಬಿಳಿಚಿಕೊಂಡರು. ಚಹಾದಂಗಡಿಯಲ್ಲಿ ಬಿಸಿನೀರು ಕೇಳಿ, ತಾಳಿಕೊಳ್ಳುವಷ್ಟು ಬಿಸಿಯಲ್ಲಿ ಮುಕ್ಕಾಲು ಗಂಟೆ ಬೆರಳು ಮುಳುಗಿಸಿ ಕೂರಿಸಿದೆ. ಆ ವಿಷ ಶಾಖಕ್ಕೆ ಕೆಡುತ್ತದೆ, ಐಸ್ ಇಟ್ಟರೆ ಪ್ರಯೋಜನವಿಲ್ಲ. ಮುಳ್ಳು ಒಳಗೆ ಮುರಿದಿದ್ದರೆ ಅಥವಾ ಊತ ಏರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಇಕ್ಕಳ ಇಲ್ಲದೆ ತೇಡೆ ಮುಟ್ಟಬೇಡಿ.

ತಡೆಗೋಡೆಯ ಕಲ್ಲು ಪಾಚಿಗೆ ಜಾರುತ್ತದೆ. ಹವಾಯಿ ಚಪ್ಪಲಿ ಬೇಡ, ತಲೆಗೆ ಕಟ್ಟುವ ಟಾರ್ಚ್ ಇರಲಿ, ಒಬ್ಬರೇ ಹೋಗಬೇಡಿ. ಮಳೆಗಾಲದಲ್ಲಿ ಆ ಕಡೆ ತಲೆ ಹಾಕಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಳ್ಳಕ್ಕಡಲ್ ಅನ್ನುವುದೊಂದಿದೆ: ಇಲ್ಲಿ ಗಾಳಿಯೇ ಇರುವುದಿಲ್ಲ, ಎಲ್ಲೋ ದೂರದ ದಕ್ಷಿಣ ಸಮುದ್ರದಲ್ಲಿ ಎದ್ದ ಅಲೆ ಕಳ್ಳನ ಹಾಗೆ ಬಂದು ದಡಕ್ಕೆ ಹೊಡೆಯುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಹೊರಡುವ ದಿನ ಬೆಳಿಗ್ಗೆ ನೋಡಿ, ಎಚ್ಚರಿಕೆ ಇದ್ದರೆ ಸಿಗಡಿಗೆ ಕೊಟ್ಟ ದುಡ್ಡು ಹೋಯಿತು ಅಂದುಕೊಳ್ಳಿ.

ಹೊರಡುವಾಗ ಬಕೆಟ್ಟಿನಲ್ಲಿ ಇನ್ನೂ ಒಂಬತ್ತು ಸಿಗಡಿ ಜೀವಂತ ಇದ್ದವು. ಇಷ್ಟು ಚೆನ್ನಾಗಿ ಸಾಕಿದ್ದೇವೆ, ಹೊಳೆಗೆ ಬಿಟ್ಟುಬಿಡೋಣ ಅಂದೆ. ಭಾವ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಕೆಟ್ಟನ್ನು ಆಟೋದೊಳಗೆ ಇಟ್ಟು, "ಅಕ್ಕನಿಗೆ ಫೋನ್ ಮಾಡು, ತೆಂಗಿನಕಾಯಿ ತುರಿಯಲು ಹೇಳು" ಅಂದರು.