ಕುರಿ ರಕ್ತದಿಂದ ಪೊರೆ ಪ್ರೋಟೀನ್

ಜೀವಕೋಶದ ಪೊರೆಯಲ್ಲಿರುವ ಪ್ರೋಟೀನ್‌ಗಳನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸಬೇಕಾಗಿಲ್ಲ. ಕುರಿ ರಕ್ತದ ಕೆಂಪು ಕಣದಿಂದ ಅವನ್ನು ಲ್ಯಾಬಿನಲ್ಲೇ ಬೇರ್ಪಡಿಸಿ ನೋಡಬಹುದು. ತುಮಕೂರು, ಶಿರಾ ಕಡೆ ಕುರಿ ರಕ್ತಕ್ಕೆ ಬರವಿಲ್ಲ. ಸಸ್ತನಿಗಳ ಕೆಂಪು ಕಣದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೋಕಾಂಡ್ರಿಯವೂ ಇಲ್ಲ. ಹಿಮೋಗ್ಲೋಬಿನ್ ತೊಳೆದು ತೆಗೆದರೆ ಕೈಗೆ ಸಿಗುವುದು ಹೊರಪೊರೆ ಮಾತ್ರ. ಇದನ್ನೇ ಲ್ಯಾಬಿನಲ್ಲಿ ಘೋಸ್ಟ್ ಅನ್ನುತ್ತಾರೆ. ಡಾಡ್ಜ್, ಮಿಚೆಲ್, ಹನಹನ್ ಎಂಬ ವಿಜ್ಞಾನಿಗಳು 1963ರಲ್ಲಿ ಕೊಟ್ಟ ವಿಧಾನವೇ ಇವತ್ತಿಗೂ ಇದರ ಬುನಾದಿ.

ಕುರಿ ಕೊಯ್ಯುವ ಜಾಗಕ್ಕೆ ಹೋಗುವಾಗಲೇ ಬಾಟಲಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಶೇ. 3.8ರ ಸೋಡಿಯಂ ಸಿಟ್ರೇಟ್ ಹಾಕಿಕೊಂಡಿರಿ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಜೋರಾಗಿ ಕುಲುಕದೆ ಐಸಿನಲ್ಲಿಟ್ಟು ತಂದು ಅದೇ ದಿನ ಬಳಸಿ. ಸೆಂಟ್ರಿಫ್ಯೂಜಿನಲ್ಲಿ 4 ಡಿಗ್ರಿಯಲ್ಲಿ 1,500 ಜಿ (ಗುರುತ್ವಬಲದ 1,500 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿದರೆ ಕೆಂಪು ಕಣಗಳ ಮೇಲೆ ತೆಳುವಾದ ಬಿಳಿ ಪದರ ಕೂತಿರುತ್ತದೆ. ಅದನ್ನು ಪೂರ್ತಿ ತೆಗೆಯಬೇಕು, ಜೊತೆಗೆ ಒಂದಿಷ್ಟು ಕೆಂಪು ಕಣ ಹೋದರೂ ಚಿಂತೆಯಿಲ್ಲ. ಬಿಳಿ ಕಣದ ಪ್ರೋಟಿಯೇಸ್‌ಗಳು (ಪ್ರೋಟೀನ್ ಕಡಿಯುವ ಕಿಣ್ವಗಳು) ಉಳಿದರೆ ಪೊರೆಯ ಸ್ಪೆಕ್ಟ್ರಿನ್, ಆಂಕಿರಿನ್ ಎಂಬ ಪ್ರೋಟೀನ್‌ಗಳೆರಡನ್ನೂ ಕತ್ತರಿಸಿ ಹಾಕುತ್ತವೆ. ಆಮೇಲೆ 150 ಮಿಲಿಮೋಲಾರ್ ಉಪ್ಪು, 5 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್ ಇರುವ ಪಿಎಚ್ 8ರ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಮೂರು ಸಲ ತೊಳೆಯಿರಿ.

ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸುತನ ಇಲ್ಲಿ ನಿಜವಾದ ತೊಂದರೆ. ಕುಡಿಯುವ ಆರ್‌ಒ ಕ್ಯಾನಿನ ನೀರನ್ನೂ ನಂಬಬೇಡಿ, ಎರಡು ಸಲ ಬಟ್ಟಿ ಇಳಿಸಿದ ನೀರೇ ಬೇಕು. ಕ್ಯಾಲ್ಸಿಯಂ ಇದ್ದರೆ ಕಣದೊಳಗಿನ ಕ್ಯಾಲ್ಪೈನ್ ಎಂಬ ಪ್ರೋಟಿಯೇಸ್ ಚುರುಕಾಗಿ ಪ್ರೋಟೀನ್ ಕಡಿಯುತ್ತದೆ.

ಈಗ ಒಡೆಯುವ ಕೆಲಸ. ಒಂದು ಮಿಲಿ ಕಣಕ್ಕೆ 40 ಮಿಲಿ ತಣ್ಣನೆಯ 5 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್, ಪಿಎಚ್ 8, ಅದರಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ 1 ಮಿಲಿಮೋಲಾರ್. ಪ್ರೋಟಿಯೇಸ್ ತಡೆಯುವ ಪಿಎಂಎಸ್‌ಎಫ್ ಅನ್ನು ಕೊನೇ ಗಳಿಗೆಯಲ್ಲಿ ಹಾಕಿ, ಪಿಎಚ್ 8ರ ನೀರಿನಲ್ಲಿ ಅದು ಬಹಳ ಹೊತ್ತು ಬಾಳುವುದಿಲ್ಲ. 20,000 ಜಿಯಲ್ಲಿ 20 ನಿಮಿಷ ತಿರುಗಿಸಿದ ಮೇಲೆ ಸಡಿಲವಾದ ಘೋಸ್ಟ್ ಪದರದ ಅಡಿಯಲ್ಲಿ ಗಟ್ಟಿಯಾದ ಸಣ್ಣ ಗುಂಡಿಯೊಂದು ಅಂಟಿಕೊಂಡಿರುತ್ತದೆ. ಟ್ಯೂಬನ್ನು ವಾಲಿಸಿ, ಪದರ ಸರಿದಾಗ ಆ ಗುಂಡಿಯನ್ನು ಪಿಪೆಟ್ಟಿನಿಂದ ಎಳೆದು ಬಿಸಾಡಿ. ತಪ್ಪಿಸಿಕೊಂಡ ಪ್ರೋಟಿಯೇಸ್‌ಗಳು ಅಡಗಿರುವುದು ಅಲ್ಲೇ. ಬಿಳಿಚುವವರೆಗೆ ಮೂರ್ನಾಲ್ಕು ಸಲ ಇದೇ ರೀತಿ. ಕೆಂಪು ಹೋಗದಿದ್ದರೆ ಮೊದಲು ಪಿಎಚ್ ನೋಡಿ: 7ಕ್ಕಿಂತ ಕೆಳಗಿಳಿದರೆ ಹಿಮೋಗ್ಲೋಬಿನ್ ಪೊರೆಯ ಬ್ಯಾಂಡ್ 3 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಟ್ಯೂಬುಗಳನ್ನು ಐಸಿಗೆ ಹಾಕಿ ಕಾಯಿರಿ. ಉಪ್ಪು ಕಡಿಮೆಯಿರುವ ಬಫರ್ ಬೆಚ್ಚಗಾದರೆ ಸ್ಪೆಕ್ಟ್ರಿನ್ ಕಳಚಿಹೋಗುತ್ತದೆ.

ನನ್ನ ಪ್ರಕಾರ ಈ ಪ್ರಯೋಗದ ಸೊಗಸೆಲ್ಲ ಮುಂದಿನ ಹೆಜ್ಜೆಯಲ್ಲಿದೆ. ಘೋಸ್ಟನ್ನು ಎರಡು ಪಾಲು ಮಾಡಿ. ಒಂದಕ್ಕೆ ಶೇ. 1ರ ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್, ಇನ್ನೊಂದಕ್ಕೆ ಅದರ ಹತ್ತು ಪಟ್ಟು ಪ್ರಮಾಣದ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಎರಡೂ ಐಸಿನ ಮೇಲೆ. 30,000 ಜಿಯಲ್ಲಿ ಅರ್ಧ ಗಂಟೆ ತಿರುಗಿಸಿ. ಟ್ರೈಟಾನ್ ಟ್ಯೂಬಿನಲ್ಲಿ ಕೊಬ್ಬಿನೊಳಗೆ ಹುದುಗಿದ್ದ ಬ್ಯಾಂಡ್ 3ರ ಬಹುಪಾಲು ಕರಗಿ ಮೇಲಿನ ದ್ರವಕ್ಕೆ ಬರುತ್ತದೆ, ಸ್ಪೆಕ್ಟ್ರಿನ್, ಆಕ್ಟಿನ್‌ಗಳ ಬಲೆ ತಳದಲ್ಲಿ ಉಳಿಯುತ್ತದೆ. ಕ್ಷಾರದ ಟ್ಯೂಬಿನಲ್ಲಿ ನೇರ ತಿರುಗುಮುರುಗು: ಬಲೆ ಕಳಚಿ ಮೇಲೆ, ಬ್ಯಾಂಡ್ 3 ಪೊರೆಯ ಜೊತೆ ತಳದಲ್ಲಿ. ಯಾವ ಪ್ರೋಟೀನ್ ಪೊರೆಯೊಳಗೆ ಹುದುಗಿದೆ, ಯಾವುದು ಅದರ ಮೈಗೆ ತಗುಲಿಕೊಂಡಿದೆ ಅನ್ನುವುದು ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಒಂದೇ ಜೆಲ್ಲಿನಲ್ಲಿ ಕಣ್ಣಿಗೆ ಕಾಣುತ್ತದೆ.

ಪ್ರೋಟೀನ್ ಎಷ್ಟಿದೆ ಎಂದು ಅಳೆಯಲು ಟ್ರೈಟಾನ್ ಇರುವ ಸ್ಯಾಂಪಲ್ಲಿಗೆ ಬ್ರಾಡ್‌ಫೋರ್ಡ್ ವಿಧಾನ ಬೇಡ, ಅಳತೆ ಕೆಡುತ್ತದೆ, ಬಿಸಿಎ ವಿಧಾನ ತಡೆದುಕೊಳ್ಳುತ್ತದೆ. ಸ್ಯಾಂಪಲ್ಲನ್ನು ಕುದಿಸಲೂಬೇಡಿ. ಪೊರೆಯನ್ನು ಹಲವು ಸಲ ದಾಟುವ ಪ್ರೋಟೀನ್‌ಗಳು ಕುದಿಸಿದಾಗ ಮುದ್ದೆಯಾಗಿ ಜೆಲ್ಲಿನ ಬಾವಿಯಲ್ಲೇ (ಸ್ಯಾಂಪಲ್ ಹಾಕುವ ಗುಳಿ) ಸಿಕ್ಕಿಬೀಳುತ್ತವೆ. ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಇರುವ ಬಫರಿನಲ್ಲಿ 37 ಡಿಗ್ರಿ, ಅರ್ಧ ಗಂಟೆ ಇಟ್ಟರೆ ಸಾಕು. ಪೊಟ್ಯಾಸಿಯಂ ಲವಣ ಸೇರಿದರೆ ಎಸ್‌ಡಿಎಸ್ ಬಿಳಿಯಾಗಿ ಗಡ್ಡೆಕಟ್ಟುತ್ತದೆ, ಸೋಡಿಯಂ ಫಾಸ್ಫೇಟೇ ಬೇಕೆಂದದ್ದು ಅದಕ್ಕೂ ಸೇರಿ. ಶೇ. 7.5ರ ಜೆಲ್ಲಿಗೆ ಬಾವಿಗೊಂದು 20 ಮೈಕ್ರೋಗ್ರಾಂ ಹಾಕಿ. ಮೇಲ್ತುದಿಯಲ್ಲಿ ಸ್ಪೆಕ್ಟ್ರಿನ್‌ನ ಜೋಡಿ ಗೆರೆ, 100 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಹರಡಿದಂತಿರುವ ಬ್ಯಾಂಡ್ 3, 43ರಲ್ಲಿ ಆಕ್ಟಿನ್. ಬ್ಯಾಂಡ್ 3 ಮಸುಕಾಗಿದ್ದರೆ ಜೆಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅದಕ್ಕೆ ಅಂಟಿದ ಸಕ್ಕರೆ ಸರಪಳಿಗಳ ಉದ್ದ ಒಂದೇ ಸಮ ಇರುವುದಿಲ್ಲ.

ಜೆಲ್ಲಿಗೆ ಸಾಮಾನ್ಯವಾಗಿ ಕೊಡುವ ಕೂಮಾಸಿ ನೀಲಿ ಬಣ್ಣಕ್ಕೆ ಎಲ್ಲವೂ ಕಾಣುವುದಿಲ್ಲ. ಸಕ್ಕರೆ ಸರಪಳಿಗಳು ತುಂಬಿದ ಗ್ಲೈಕೋಫೋರಿನ್ ಎಂಬ ಪ್ರೋಟೀನಿಗೆ ಸಕ್ಕರೆಯನ್ನು ಹಿಡಿಯುವ ಪಿಎಎಸ್ ಬಣ್ಣ ಬೇಕು. ವಿಜ್ಞಾನಿ ಪೀಟರ್ ಆಗ್ರೆ ತಂಡಕ್ಕೆ ಮನುಷ್ಯನ ಕೆಂಪು ಕಣದಲ್ಲೇ ಸಿಕ್ಕ 28 ಕಿಲೋಡಾಲ್ಟನ್‌ನ ಅಕ್ವಾಪೊರಿನ್ (ಪೊರೆಯ ಮೂಲಕ ನೀರು ಹಾಯಿಸುವ ಪ್ರೋಟೀನ್) ಕೂಡ ಈ ನೀಲಿಯನ್ನು ಸರಿಯಾಗಿ ಹಿಡಿಯದ್ದರಿಂದಲೇ ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಗಾತ್ರದವನ್ನು ಹುಡುಕುವುದಾದರೆ ಶೇ. 12ರ ಜೆಲ್ ಹಾಕಿ, ಬೆಳ್ಳಿ ಬಣ್ಣ ಕೊಡಿ.