ಗಂಡಸಾಗಿ ಅದೇನು ಓದ್ತೀರಿ ಸಾರ್?

ಬಸ್ಸಿನಲ್ಲಿ, ಆಫೀಸಿನಲ್ಲಿ, ಡಾಕ್ಟರ ಶಾಪಿನ ಬೆಂಚಿನ ಮೇಲೆ, ಎಲ್ಲೇ ಪುಸ್ತಕ ಬಿಚ್ಚಿದರೂ ಇದೇ ಪ್ರಶ್ನೆ. ಕೈಯಲ್ಲಿ ತ್ರಿವೇಣಿಯೋ, ಎಂ.ಕೆ. ಇಂದಿರಾ ಅವರೋ, ಸಾಯಿಸುತೆಯೋ ಇದ್ದರೆ ಮುಗೀತು. "ಗಂಡಸಾಗಿ ಈ ಹೆಂಗಸರ ಕಾದಂಬರಿ ಅದೇನು ಓದ್ತೀರಿ ಸಾರ್?"

ಚೆನ್ನಾಗಿರುತ್ತವೆ, ಓದ್ತೀನಿ. ಇಷ್ಟೇ ಉತ್ತರ. ಆದರೆ ಕೇಳಿದವರಿಗೆ ಇಷ್ಟು ಸಾಲುವುದಿಲ್ಲ. "ಅಲ್ಲ, ಟೈಂಪಾಸಿಗಾದರೆ ಸರಿ ಬಿಡಿ" ಅಂತ ಅವರೇ ನನಗೊಂದು ರಿಯಾಯಿತಿ ಕೊಡುತ್ತಾರೆ. ನಾನು ಕೇಳಿದ್ನಾ?

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನೂ ಒಂದು ಕಾಲದಲ್ಲಿ ನುಂಗಿ ನೀರು ಕುಡಿದವನು ನಾನು. ಪತ್ತೇದಾರ ಪುರುಷೋತ್ತಮ ಕಳ್ಳರ ಬೆನ್ನು ಹತ್ತಿದರೆ ನನಗೆ ಊಟ ಬೇಕಾಗುತ್ತಿರಲಿಲ್ಲ. ಅದನ್ನು ಯಾರೂ 'ಗಂಡಸರ ಕಾದಂಬರಿ' ಅನ್ನಲಿಲ್ಲ. ಓದಿದ್ದಕ್ಕೆ ಕಾರಣವನ್ನೂ ಕೇಳಲಿಲ್ಲ. ಹೆಂಗಸು ಬರೆದದ್ದಕ್ಕೆ ಮಾತ್ರ 'ಅಡುಗೆಮನೆ ಸಾಹಿತ್ಯ' ಅಂತ ಚೀಟಿ ಅಂಟಿಸಿ ಪಕ್ಕಕ್ಕಿಡುತ್ತಾರೆ. ಅಡುಗೆಮನೆಯಲ್ಲಿ ನಡೆಯೋದು ಕಡಿಮೆ ಕಥೆಯಾ?

ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರೊಬ್ಬರು ಇದೇ ರಾಗ ತೆಗೆದರು. ದೂರದ ನೆಂಟರು, ವಯಸ್ಸಿನಲ್ಲಿ ಹಿರಿಯರು. "ನೀನು ಓದಿದವನಪ್ಪ, ಆ ಕಣ್ಣೀರು ಕಾದಂಬರಿ ನಿನಗ್ಯಾಕೆ?" ಅಂದರು. ನಾನು ಸುಮ್ನೆ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದೆ. ಅವರು ಬಿಡಲಿಲ್ಲ. ಆಗಿನ ಸಿನಿಮಾ ಎಂಥಾದ್ದು, ಈಗಿನದು ಎಂಥಾದ್ದು ಅಂತ ಶುರು ಮಾಡಿದರು. 'ಬೆಳ್ಳಿಮೋಡ' ಬಂತು. ಪುಟ್ಟಣ್ಣ ಕಣಗಾಲ್ ಬಂದರು, ಕಲ್ಪನಾ ಬಂದರು. ಅದರಲ್ಲಿರುವ ಬೇಂದ್ರೆ ಹಾಡನ್ನು ಅರ್ಧ ಗುನುಗಿಯೂ ಬಿಟ್ಟರು. "ಅದಪ್ಪಾ ಕಥೆ ಅಂದ್ರೆ! ಅದು ಓದು!"

"ಮಾವ, ಅದನ್ನೇ ಓದ್ತಾ ಇರೋದು. ಅದು ತ್ರಿವೇಣಿಯವರ ಕಾದಂಬರಿ" ಅಂದೆ.

ಅವರು ಸಾರು ಬಡಿಸುವವನನ್ನು ಕೂಗಿದರು.

ನನಗೆ ಉರಿಯುವುದು ಇಲ್ಲೇ. 'ಶರಪಂಜರ' ನೋಡಿ ಅತ್ತವರು ಲೆಕ್ಕವಿಲ್ಲ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಹೆಂಡತಿ ವಾಸಿಯಾಗಿ ಮನೆಗೆ ಬಂದರೆ, ಆ ಮನೆ, ಆ ಬೀದಿ ಅವಳನ್ನು 'ಹುಚ್ಚಿ' ಅನ್ನುವುದನ್ನು ಬಿಡಲಿಲ್ಲ. ಇದನ್ನು ಯೋಚಿಸಿ ಮೊದಲು ಕಾಗದದ ಮೇಲಿಟ್ಟದ್ದು ಕಲ್ಪನಾ ಅಲ್ಲ, ಪುಟ್ಟಣ್ಣನೂ ಅಲ್ಲ. ಮನಶ್ಶಾಸ್ತ್ರ ಓದಿದ್ದ ಮೈಸೂರಿನ ಒಬ್ಬ ಹೆಂಗಸು, ಇದೇ ತ್ರಿವೇಣಿ. 'ಬೆಳ್ಳಿಮೋಡ' ತೆರೆಗೆ ಬಂದದ್ದು 1967ರಲ್ಲಿ. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು, 35 ತುಂಬುವ ಮುಂಚೆಯೇ. ಜನ ಸಿನಿಮಾಕ್ಕೆ ಶಿಳ್ಳೆ ಹೊಡೆದರು, ಪುಸ್ತಕಕ್ಕೆ ಮೂಗು ಮುರಿದರು. ಕಥೆ ಮಾತ್ರ ಒಂದೇ.

ಎಲ್ಲವೂ ಮಹಾಕೃತಿ ಅಂತ ನಾನೆಲ್ಲೂ ಹೇಳಿಲ್ಲ. ಜೊಳ್ಳೂ ಬೇಕಾದಷ್ಟಿದೆ. ಆರಡಿ ನಾಯಕ, ಅವನದೊಂದು ಕಾರು, ಮೊದಲ ಅಧ್ಯಾಯದಲ್ಲಿ ಸಿಡುಕಿ ಕೊನೆಯದರಲ್ಲಿ ಕರಗುವ ಅವನ ಸಿಟ್ಟು. ಅದನ್ನೂ ಓದಿದ್ದೇನೆ, ಖುಷಿಯಾಗಿಯೇ.

ನನ್ನ ಹತ್ತಿರ ಇರುವುದರಲ್ಲಿ ಅರ್ಧದಷ್ಟು ಅಂಗಡಿಯಿಂದ ತಂದದ್ದಲ್ಲ. ಅತ್ತೆಯ ಕಾಲದ ಬೈಂಡುಗಳು. ವಾರಪತ್ರಿಕೆಯ ಧಾರಾವಾಹಿಯನ್ನು ವಾರ ವಾರ ಕತ್ತರಿಸಿ, ಜೋಡಿಸಿ, ದಬ್ಬಳದಲ್ಲಿ ತೂತು ಮಾಡಿ ದಾರ ಹಾಕಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟು ಹಾಕಿದ್ದು. ಒಂದು ಕಂತು ಕಳೆದುಹೋದಲ್ಲಿ ಅತ್ತೆಯೇ ಪೆನ್ಸಿಲ್ಲಿನಲ್ಲಿ ಕಥೆ ತುಂಬಿದ್ದಾರೆ: "ಇಲ್ಲಿ ಅವನು ಕಾಗದ ಬರೆಯುತ್ತಾನೆ. ಸುಳ್ಳು." ಬೀದಿಯ ನಾಲ್ಕು ಮನೆ ಸುತ್ತಿ ಬಂದ ಬೈಂಡು ಅದು. ಅಂಚಿನಲ್ಲಿ ಬೇರೆ ಬೇರೆ ಕೈಬರಹ, ಒಂದೆರಡು ಕಡೆ ಅರಿಶಿನದ ಬೆರಳು.

ಯಾಕೆ ಓದ್ತೀರಿ ಅನ್ನೋದು ಬಿಟ್ಟು ಕೇಳಲು ಎಷ್ಟೊಂದಿದೆ! ಇಂದಿರಾ ಮಾಡಿದ್ದು ಸರೀನಾ ಅಂತ ಕೇಳಿ. ಬೆಳ್ಳಿಮೋಡದ ಇಂದಿರಾ. ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳಿಗೆ ಅಂತ ಮೋಹನ್ ಮದುವೆಗೆ ಒಪ್ಪಿದ. ಅವಳಪ್ಪನ ದುಡ್ಡಿನಲ್ಲೇ ಅಮೆರಿಕಾದಲ್ಲಿ ಓದಿ ಬಂದ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟಿದ್ದ. ಇವನು ಹಿಂದೆ ಸರಿದ. ಆಮೇಲೆ ಇವನು ಬಿದ್ದು ಏಟು ಮಾಡಿಕೊಂಡಾಗ ಅವಳೇ ಆರೈಕೆ ಮಾಡಿದಳು. ಈಗ ಇವನಿಗೆ ಪ್ರೀತಿ ಹುಟ್ಟಿತು. ಅವಳು ಆಗಲ್ಲ ಅಂದಳು.

ಸರಿಯಾಗೇ ಮಾಡಿದಳು ಅನ್ನೋದು ನನ್ನ ವಾದ. ನನ್ನ ಹೆಂಡತಿ ಒಪ್ಪುವುದಿಲ್ಲ. ಬೇಡ ಅನ್ನುವವಳು ಅಷ್ಟು ದಿನ ಅವನಿಗೆ ಗಂಜಿ ಯಾಕೆ ಕೊಡಬೇಕಿತ್ತು ಅಂತಾಳೆ. ಅತ್ತೆಯದು ಇನ್ನೂ ಬೇರೆ: ಗಂಜಿ ಕೊಟ್ಟದ್ದೇ ಬೇಡ ಅನ್ನೋಕೆ, ನಿಮಗೆ ಓದೋಕೆ ಬರಲ್ಲ ಅಂತ ಇಬ್ಬರಿಗೂ ಬೈಯುತ್ತಾರೆ.