ಮಗನ ಬಗ್ಗೆ ಪೊಲೀಸರಿಗೆ ಹೇಳಿದ ತಾಯಿ

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ ಒಬ್ಬ ತಾಯಿಯ ಸುದ್ದಿ ಓದಿ ಎಷ್ಟೋ ವರ್ಷವಾಯಿತು, ಇನ್ನೂ ತಲೆಯಿಂದ ಹೋಗಿಲ್ಲ. 2013ರಲ್ಲಿ ಆಕೆಯ ಮಗ ಟರ್ಕಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ, ಗೆಳೆಯನ ಜೊತೆ ಅಂತರ್ಯುದ್ಧ ನಡೆಯುತ್ತಿದ್ದ ಸಿರಿಯಾಕ್ಕೆ ಹೋಗಿಬಿಟ್ಟಿದ್ದ. ಅವನು ಬರೆದಿಟ್ಟಿದ್ದ ಪತ್ರ ಆಕೆಯ ಕೈಗೆ ಸಿಕ್ಕಿತು, ಜಿಹಾದಿಗೆ ಹೊರಟಿದ್ದೇನೆ ಅಂತ. ಆಕೆ ಮುಚ್ಚಿಡಲಿಲ್ಲ. ಮಗನನ್ನು ಹೇಗಾದರೂ ವಾಪಸ್ ಕರೆಸಲಿ ಅಂತ ಮನೆಯವರೇ ಪೊಲೀಸರಿಗೆ ತಿಳಿಸಿದರು. 2014ರ ಜನವರಿಯಲ್ಲಿ ಇಬ್ಬರೂ ವಾಪಸ್ ಬಂದರು, ವಿಮಾನ ನಿಲ್ದಾಣದಲ್ಲೇ ಬಂಧನವಾಯಿತು, ಡಿಸೆಂಬರಿನಲ್ಲಿ 12 ವರ್ಷ 8 ತಿಂಗಳ ಶಿಕ್ಷೆ ಬಿತ್ತು. ಇದನ್ನು ನೋಡಿದ ಮೇಲೆ ಬೇರೆ ತಾಯಂದಿರು ಪೊಲೀಸರ ಹತ್ತಿರ ಬರುವುದಿಲ್ಲ ಅಂತ ಆಕೆ ಆಮೇಲೆ ಹೇಳಿದರು.

ಶಿಕ್ಷೆ ಕೊಡಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಬಂದೂಕು ಹಿಡಿಯಲು ಹೋದವನನ್ನು ಸುಮ್ನೆ ಮನೆಗೆ ಕಳಿಸಿ ಅನ್ನೋಕಾಗುತ್ತದಾ? ಆದರೆ ಆಕೆಯ ಮಾತೂ ಸುಳ್ಳಲ್ಲ. ಹುಡುಗ ಬದಲಾಗುತ್ತಿದ್ದಾನೆ ಅಂತ ಮೊದಲು ಗೊತ್ತಾಗುವುದು ಗುಪ್ತಚರರಿಗಲ್ಲ, ಅಮ್ಮನಿಗೆ, ತಂಗಿಗೆ, ರೂಮಿನಲ್ಲಿ ಜೊತೆಗಿರುವವನಿಗೆ. ಬಾಯಿ ಬಿಟ್ಟರೆ ಅವನು ಜೈಲಿಗೆ, ಬಿಡದಿದ್ದರೆ ಯುದ್ಧಕ್ಕೆ. ಇಷ್ಟೇ ದಾರಿ ಅಂತಾದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ಇದೇ ಕೇಸಿನಲ್ಲಿ ಇನ್ನೊಂದು ವಿಷಯವಿದೆ. ಹೊರಡುವ ಮೊದಲು ಆ ಹುಡುಗರು ಆನ್‌ಲೈನಿನಲ್ಲಿ ಪುಸ್ತಕ ತರಿಸಿಕೊಂಡಿದ್ದರು. ಯಾವ ಪುಸ್ತಕ? ಇಸ್ಲಾಂ ಅಂದರೇನು, ಕುರಾನ್ ಅಂದರೇನು ಅಂತ ಏನೂ ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಪುಸ್ತಕಗಳು! ಯಾವುದಕ್ಕಾಗಿ ಪ್ರಾಣ ಕೊಡಲು ಹೊರಟಿದ್ದರೋ ಅದರ ಅಆಇಈ ಕೂಡ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ ಅಂತಾಯಿತು. ಧರ್ಮ ಜಾಸ್ತಿಯಾಗಿ ಹೀಗಾಗುತ್ತಾರೆ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಓದಿಲ್ಲದವರು, ಬಡವರು ಮಾತ್ರ ಬಲೆಗೆ ಬೀಳುತ್ತಾರೆ ಅನ್ನುವುದೂ ಅಷ್ಟೇ. 1995ರ ಮಾರ್ಚ್ 20ರಂದು ಟೋಕಿಯೋದ ಮೆಟ್ರೋ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೋ ಪಂಥದವರಲ್ಲಿ ವಿಜ್ಞಾನ ಓದಿದವರಿದ್ದರು, ಒಬ್ಬ ಹೃದಯ ತಜ್ಞನೂ ಇದ್ದ. ಪದವಿ ಒಂಟಿತನಕ್ಕೆ ಮದ್ದಲ್ಲ.

ಇದು ನನಗೆ ಗೊತ್ತಿರುವುದು ಬರೀ ಓದಿನಿಂದಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಪರೀಕ್ಷೆಯಲ್ಲಿ ಫೇಲಾಗಿ, ಮನೆಗೆ ಫೋನ್ ಮಾಡಲು ಮುಖವಿಲ್ಲದೆ ಇದ್ದಾಗ ಒಂದು ಗುಂಪಿನವರು ನನ್ನನ್ನು ಹಚ್ಚಿಕೊಂಡರು. ಮೊದಲ ಒಂದು ತಿಂಗಳು ದೇವರ ಮಾತೇ ಇಲ್ಲ. ಊಟ ಆಯಿತಾ, ನಿದ್ದೆ ಬಂತಾ, ಇಷ್ಟೇ. ಆಮೇಲೆ ನಿಧಾನಕ್ಕೆ, ನಿನ್ನ ಮನೆಯವರಿಗೆ ನೀನು ಅರ್ಥವಾಗಲ್ಲ ಅಂದರು. ಅದಾದ ಮೇಲೆ, ನಮಗೆ ಇಂಥಿಂಥವರಿಂದ ಅನ್ಯಾಯವಾಗಿದೆ ಅನ್ನುವ ಕತೆ. ಎಷ್ಟು ಸಲೀಸಾಗಿ ಅದು ಒಳಗೆ ಇಳಿಯುತ್ತದೆ ಅಂದರೆ, ನನ್ನ ಫೇಲಾದ ಪೇಪರಿಗೂ ಯಾರೋ ಬೇರೆಯವರು ಕಾರಣ ಅಂತ ನಾನು ಖುಷಿಯಿಂದಲೇ ನಂಬತೊಡಗಿದ್ದೆ.

ಹಾಗಾದರೆ ಏನು ಮಾಡಬೇಕು? ಡೆನ್ಮಾರ್ಕಿನ ಆರ್ಹುಸ್ ನಗರದಿಂದ 2013ರವರೆಗೆ ಸುಮಾರು 30 ಮಂದಿ ಸಿರಿಯಾಕ್ಕೆ ಹೋಗಿದ್ದರು. ಅಲ್ಲಿನ ಪೊಲೀಸರು ಮನೆಯವರ ಜೊತೆ ಕೂತು ಮಾತಾಡಿದರು, ವಾಪಸ್ ಬಂದ ಹುಡುಗರನ್ನು ಕಾಫಿಗೆ ಕರೆದರು, ಒಬ್ಬೊಬ್ಬರಿಗೆ ಒಬ್ಬ ಮಾರ್ಗದರ್ಶಕನನ್ನು ಕೊಟ್ಟರು, ಓದು, ಮನೆ, ಕೆಲಸಕ್ಕೆ ದಾರಿ ಮಾಡಿದರು. ಅಪರಾಧ ಮಾಡಿದ ಸಾಕ್ಷ್ಯ ಇದ್ದವರಿಗೆ ಕೋರ್ಟು ಇದ್ದೇ ಇತ್ತು. ಭಯೋತ್ಪಾದಕರನ್ನು ಅಪ್ಪಿಕೊಳ್ಳುತ್ತಿದ್ದಾರೆ ಅಂತ ಹಲವರು ಗೇಲಿ ಮಾಡಿದರು. 2014ರಲ್ಲಿ ಅಲ್ಲಿಂದ ಹೋದವರು ಒಬ್ಬರು. ಎಲ್ಲವೂ ಈ ಕೆಲಸದಿಂದಲೇ ಆಯಿತು ಅಂತ ನಾನು ಆಣೆ ಮಾಡಲಾರೆ, ಆದರೂ ಬೈದು ಗಡೀಪಾರು ಮಾಡಿ ಅನ್ನುವವರ ಹತ್ತಿರ ತೋರಿಸಲು ಇಂಥದ್ದು ಏನಿದೆ?

ಜರ್ಮನಿಯಲ್ಲಿ 2012ರಿಂದ ಇದಕ್ಕಾಗಿಯೇ ಒಂದು ಸಹಾಯವಾಣಿ ಇದೆ. ಅದನ್ನು ನಡೆಸುವುದು ಪೊಲೀಸರಲ್ಲ, ವಲಸೆ ಇಲಾಖೆ. ಮಗನ ಬಗ್ಗೆ, ಶಿಷ್ಯನ ಬಗ್ಗೆ, ಗೆಳೆಯನ ಬಗ್ಗೆ ಗಾಬರಿಯಾದವರು ಅಲ್ಲಿಗೆ ಫೋನ್ ಮಾಡಬಹುದು. ನನಗೆ ಬೇಕು ಅನ್ನಿಸುವುದು ಇಂಥ ಬಾಗಿಲು, ಮನೆಗೂ ಠಾಣೆಗೂ ನಡುವೆ ಇರುವಂಥದ್ದು. ಅದನ್ನು ಬಿಟ್ಟು ಒಬ್ಬ ಹುಡುಗ ತಪ್ಪು ಮಾಡಿದ ಅಂತ ಅವನ ಇಡೀ ಸಮುದಾಯವನ್ನು ಟಿವಿಯಲ್ಲಿ ಕೂರಿಸಿ ಬೈದರೆ ಲಾಭ ಯಾರಿಗೆ? ಇವರು ನಿಮ್ಮನ್ನು ಯಾವತ್ತೂ ತಮ್ಮವರು ಅಂದುಕೊಳ್ಳಲ್ಲ ಅಂತ ಹೇಳಿಕೊಟ್ಟವನಿಗೆ ತಾನೇ?

ನನ್ನನ್ನು ಈಚೆ ತಂದವನು ರೂಮ್‌ಮೇಟ್. ವಾದ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದು ಭಾನುವಾರ ನಾನೂ ಬರುತ್ತೇನೆ ಅಂತ ಸಭೆಗೆ ಬಂದು ಪಕ್ಕದಲ್ಲಿ ಕೂತ, ಎದ್ದು ನಿಂತು ಎರಡು ಪ್ರಶ್ನೆ ಕೇಳಿದ. ವಾಪಸ್ ಬರುವಾಗ, "ಅವರು ಒಂದಕ್ಕೂ ಉತ್ತರ ಕೊಡಲಿಲ್ಲ ಅಲ್ವಾ ಮಾರಾಯಾ" ಅಂದ, ಅಷ್ಟೇ. ಎಷ್ಟೋ ವರ್ಷಗಳ ಮೇಲೆ ಕೇಳಿದೆ, ಆಗ ನಿನಗೆ ಭಯವಾಗಲಿಲ್ವಾ ಅಂತ. ಆಗಿತ್ತಂತೆ. ನನ್ನ ಅಪ್ಪನಿಗೆ ಹೇಳಿಬಿಡೋಣ ಅಂತ ಎರಡು ಸಲ ಫೋನ್ ಎತ್ತಿದ್ದನಂತೆ. ಹೇಳಿದರೆ ನಾನು ಪೂರ್ತಿ ಅವರ ಕಡೆಗೇ ಹೋಗಿಬಿಡುತ್ತೇನೆ ಅಂತ ಹೆದರಿ ಇಟ್ಟುಬಿಟ್ಟನಂತೆ.